ಕೊಳವೆಹುಳು ಮುರಿಯದೆ ಹೊರತೆಗೆಯುವುದು, ಅಂಗರಚನೆ ನೋಡುವುದು, ಕುಟುಂಬ ಗುರುತಿಸುವುದು: ಹುಬ್ಬಳ್ಳಿ–ಧಾರವಾಡದ ಪ್ರಯೋಗಾಲಯಗಳಿಗೆ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ–ಧಾರವಾಡ, ಗದಗ, ಹಾವೇರಿ ಕಡೆ ಪ್ರಾಣಿಶಾಸ್ತ್ರ ಓದುವ ಹುಡುಗರು, ತಾನೇ ಕಟ್ಟಿದ ಕೊಳವೆಯೊಳಗೆ ಬದುಕುವ ಸಮುದ್ರದ ಕೊಳವೆಹುಳುವನ್ನು ಸಾಮಾನ್ಯವಾಗಿ ನೋಡುವುದು ಫಾರ್ಮಲಿನ್ ಜಾಡಿಯೊಳಗೆ. ಬಣ್ಣ ಹೋಗಿರುತ್ತದೆ, ತಲೆಯ ಮೇಲಿನ ಎಳೆಗಳ ಕಿರೀಟ ಮುದುಡಿರುತ್ತದೆ, ಎಷ್ಟೋ ಸಲ ಹಿಂಭಾಗವೇ ಇರುವುದಿಲ್ಲ. ಮೇಲೆ ‘ಸರ್ಪುಲಾ’ ಎಂಬ ಹಳೆಯ ಚೀಟಿ. ಅಂಥ ತುಂಡಿನಿಂದ ಅಂಗರಚನೆಯೂ ತಿಳಿಯದು, ವರ್ಗೀಕರಣವೂ ತಲೆಗೆ ಹತ್ತದು. ಕಾರವಾರದ ತೀರ ಹುಬ್ಬಳ್ಳಿಯಿಂದ ನಾಲ್ಕೈದು ತಾಸಿನ ದಾರಿ. ಜೀವಂತ ಹುಳು ತಂದು, ಇಡಿಯಾಗಿ ಹೊರತೆಗೆದು ನೋಡುವುದು ಒಂದು ಡಿಗ್ರಿ ಕಾಲೇಜಿನ ಪ್ರಯೋಗಾಲಯಕ್ಕೆ ನಿಲುಕದ ಕೆಲಸವೇನಲ್ಲ.

‘ಇಡಿಯಾಗಿ’ ಎಂಬುದಕ್ಕೆ ಇಷ್ಟು ಒತ್ತು ಕೊಡಲು ಕಾರಣವಿದೆ. 1914ರಲ್ಲಿ ಫ್ರಾನ್ಸಿನ ಮೊರಿಸ್ ಕೊಲರಿ, ಡಚ್ಚರ ಸಿಬೋಗಾ ನೌಕೆ ಇಂಡೋನೇಷ್ಯಾದ ಆಳ ಸಮುದ್ರದಿಂದ ತಂದ ನೂಲಿನಂಥ ಹುಳುವೊಂದಕ್ಕೆ ಸಿಬೋಗ್ಲಿನಮ್ ಎಂದು ಹೆಸರಿಟ್ಟ. ಅದಕ್ಕೆ ಬಾಯಿಲ್ಲ, ಕರುಳಿಲ್ಲ. ಕರುಳೇ ಇಲ್ಲದ ಮೇಲೆ ಬೆನ್ನು ಯಾವುದು, ಹೊಟ್ಟೆ ಯಾವುದು ಎಂಬುದೂ ಗೊಂದಲವಾಯಿತು. ನರತಂತು ಬೆನ್ನಿನ ಕಡೆ ಇದೆ ಎಂದು ಓದಿಕೊಂಡವರು ಪೊಗೊನೊಫೊರಾ ಎಂಬ ಬೇರೆಯದೇ ವಂಶ ಕಟ್ಟಿದರು. 1964ರಲ್ಲಿ ವೆಬ್ ಎಂಬುವರು ಮುರಿಯದ ಹಿಂತುದಿಯನ್ನು ವಿವರಿಸಿದರು. ಅದು ಖಂಡಖಂಡವಾಗಿತ್ತು, ಪ್ರತಿ ಖಂಡದಲ್ಲೂ ಬಿರುಗೂದಲಿತ್ತು. ಅಂದರೆ ಎರೆಹುಳುವಿನ ಬಳಗವಾದ ವಲಯವಂತಗಳ ಲಕ್ಷಣ. ಅರ್ಧ ಶತಮಾನ ವಿದ್ವಾಂಸರ ಕೈಗೆ ಬಂದ ಹುಳುಗಳೆಲ್ಲ ಬಾಲ ಮುರಿದವು. 1977ರಲ್ಲಿ ಗಲಾಪಗೋಸ್ ಬಳಿಯ ಆಳದ ಬಿಸಿನೀರ ಬುಗ್ಗೆಗಳಲ್ಲಿ ಕಂಡ ದೈತ್ಯ ಕೊಳವೆಹುಳು ರಿಫ್ಟಿಯಾಕ್ಕೂ 1985ರಲ್ಲಿ ಬೇರೆ ವಂಶದ ಪಟ್ಟ ಸಿಕ್ಕಿತ್ತು. ಈಗ ಎರಡೂ ಸೇರಿ ವಲಯವಂತಗಳೊಳಗಿನ ಒಂದೇ ಕುಟುಂಬ, ಸಿಬೋಗ್ಲಿನಿಡೇ.

ತರುವುದು

ಕಾಲ: ನವೆಂಬರಿನಿಂದ ಮೇವರೆಗೆ. ಮಳೆಗಾಲದಲ್ಲಿ ಕಾಳಿ ನದಿಯ ನೀರು ಅಳಿವೆಯ ಉಪ್ಪನ್ನು ತೊಳೆದುಬಿಡುತ್ತದೆ, ಬಂಡೆಗೆ ಇಳಿಯುವುದೂ ಅಪಾಯ. ಅಮಾವಾಸ್ಯೆ ಅಥವಾ ಹುಣ್ಣಿಮೆಯ ಆಸುಪಾಸಿನ ಒಂದೆರಡು ದಿನ ಆರಿಸಿಕೊಳ್ಳಿ, ಆಗ ಇಳಿತ ಹೆಚ್ಚು. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ, ಹಿಂದಿನ ವಾರದ ಲೆಕ್ಕ ಹಿಡಿದು ಹೊರಡಬೇಡಿ. ನೀರು ಅತಿ ಕೆಳಗಿಳಿಯುವ ಒಂದು ತಾಸು ಮೊದಲೇ ಬಂಡೆಯ ಮೇಲಿರಬೇಕು. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ, ಹೊರಡುವ ಮುಂಚೆ ಅಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಅರಗಾ ಸುತ್ತಲಿನ ತೀರ ನೌಕಾಪಡೆಯದು, ಅಲ್ಲಿ ಇಳಿಯುವಂತಿಲ್ಲ. ಹವಳಕ್ಕೆ ಕೈ ಹಾಕಲೇಬೇಡಿ. ಅದರೊಳಗೆ ಚೆಂದದ ಕೊಳವೆಹುಳು ಇದ್ದರೂ, ಹವಳ ಕೀಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಹುಡುಕಬೇಕಾದದ್ದು ಕಲ್ಲಿನ ಅಡಿಮೈ, ಸತ್ತ ಸಿಂಪಿಯ ಒಳಮೈ, ಕಪ್ಪೆಚಿಪ್ಪಿನ ಬೆನ್ನು, ಜೆಟ್ಟಿಯ ಕಂಬ, ದಡಕ್ಕೆಳೆದ ದೋಣಿಯ ತಳ. ಬಂಡೆಯಿಂದ ಹುಳುವನ್ನು ಕೆತ್ತಲು ಹೋಗಬೇಡಿ. ಹುಳು ಅಂಟಿದ ಮುಷ್ಟಿಗಾತ್ರದ ಕಲ್ಲು ಅಥವಾ ಚಿಪ್ಪನ್ನೇ ಎತ್ತಿಕೊಳ್ಳಿ. ಒಂದು ತಂಡಕ್ಕೆ ನಾಲ್ಕು ಚಿಪ್ಪು ಸಾಕೋ ಸಾಕು. ಮಗುಚಿದ ದೊಡ್ಡ ಕಲ್ಲನ್ನು ಮತ್ತೆ ಮೊದಲಿನಂತೆಯೇ ಇಟ್ಟು ಬನ್ನಿ.

ಬೇಕಾದ ಸಾಮಾನು: ಆಹಾರ ತುಂಬುವ ಗುಣಮಟ್ಟದ 20 ಲೀಟರಿನ ಎರಡು ಕ್ಯಾನ್, ಬಾಯಿ ಅಗಲದ ಡಬ್ಬಿಗಳು, ಬ್ಯಾಟರಿಯ ಏರ್ ಪಂಪ್, ದಪ್ಪ ಅರಿವೆ. ಒಂದು ಚಿಪ್ಪಿಗೆ ಕನಿಷ್ಠ 5 ಲೀಟರ್ ಸಮುದ್ರದ ನೀರು. ಚಿಪ್ಪಿಗೆ ಅಂಟಿದ ಸ್ಪಂಜು, ಏಡಿ, ಬಸವನಹುಳುಗಳನ್ನು ದಡದಲ್ಲೇ ತೆಗೆದುಬಿಡಿ. ಅರಬೈಲ್ ಘಟ್ಟ ಹತ್ತುವಷ್ಟರಲ್ಲಿ ಅವು ಸತ್ತು ನೀರು ಕೊಳೆತರೆ ಹುಳುಗಳೂ ಉಳಿಯವು. ಡಬ್ಬಿಗೆ ಒದ್ದೆ ಅರಿವೆ ಸುತ್ತಿ, ಗಾಡಿಯ ನೆರಳಿನ ಬದಿಗಿಡಿ.

ಘಟ್ಟ ಹತ್ತಿ ಬಂದ ಮೇಲೆ ತೊಂದರೆ ಕೊಡುವುದು ನಮ್ಮ ಒಣ ಹವೆ. ಮಾರ್ಚ್–ಏಪ್ರಿಲಿನಲ್ಲಿ ತೆರೆದ ತೊಟ್ಟಿಯ ನೀರು ಬೇಗ ಆರುತ್ತದೆ, ಉಪ್ಪು ಮಾತ್ರ ಅಲ್ಲೇ ಉಳಿಯುತ್ತದೆ. ಮೊದಲ ದಿನವೇ ನೀರಿನ ಮಟ್ಟಕ್ಕೆ ಮಾರ್ಕರಿನಿಂದ ಗೆರೆ ಎಳೆದು, ಕಡಿಮೆಯಾದಷ್ಟು ಡಿಸ್ಟಿಲ್ಡ್ ವಾಟರ್ ಹಾಕುತ್ತಾ ಹೋಗಿ. ಸಮುದ್ರದ ನೀರು ಹಾಕಿದರೆ ಉಪ್ಪು ಇನ್ನೂ ಏರುತ್ತದೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಬೇಡ. 25 ಡಿಗ್ರಿಯಲ್ಲಿ ಹೈಡ್ರೋಮೀಟರ್ 1.023–1.025ರ ನಡುವೆ ತೋರಿಸಬೇಕು. ಡಿಸೆಂಬರಿನ ಧಾರವಾಡದ ರಾತ್ರಿ ಈ ಹುಳುಗಳಿಗೆ ತೀರಾ ತಣ್ಣಗೆ, ತೊಟ್ಟಿಯನ್ನು ಕಿಟಕಿಯಿಂದ ದೂರವಿಡಿ.

ಮುಟ್ಟುವ ಮೊದಲು ನೋಡುವುದು

ಚಿಪ್ಪನ್ನು ಅಲುಗಾಡಿಸದೆ ಅರ್ಧ ತಾಸು ಬಿಡಿ. ಕಿರೀಟಗಳು ಒಂದೊಂದಾಗಿ ಅರಳುತ್ತವೆ. ಮೇಲೆ ಕೈಯ ನೆರಳು ಹಾಯಿಸಿದರೆ ಸರಕ್ಕನೆ ಒಳಗೆ. ಇದು ದಪ್ಪ ನರತಂತುಗಳ ಕೆಲಸ, ಸುದ್ದಿ ಮೈಯುದ್ದಕ್ಕೂ ಒಮ್ಮೆಲೇ ಮುಟ್ಟುತ್ತದೆ. ಮತ್ತೆ ಮತ್ತೆ ನೆರಳು ಹಾಕಿದರೆ ಹುಳು ಲೆಕ್ಕಕ್ಕಿಡುವುದಿಲ್ಲ. ಅದನ್ನೂ ಬರೆದುಕೊಳ್ಳಿ, ಪರೀಕ್ಷೆಯಲ್ಲಿ ಕೇಳುವ ವಿಷಯ.

ಆಮೇಲೆ ಡ್ರಾಪರಿನಿಂದ ಕಾರ್ಮೈನ್ ಎಂಬ ಕೆಂಪು ಪುಡಿ ಕದಡಿದ ನೀರಿನ ಒಂದೇ ಹನಿಯನ್ನು ಕಿರೀಟದ ಪಕ್ಕ ಬಿಡಿ. ಹೆಚ್ಚು ಬಿಟ್ಟರೆ ಹುಳು ಬಾಗಿಲು ಹಾಕಿಕೊಳ್ಳುತ್ತದೆ. ಡಿಸೆಕ್ಟಿಂಗ್ ಮೈಕ್ರೋಸ್ಕೋಪಿನ 20 ಪಟ್ಟಿನಲ್ಲಿ ಕೆಂಪು ಕಣಗಳು ರೇಡಿಯೋಲ್ ಎಂಬ ಎಳೆಗಳ ಒಳಬದಿಯ ತೋಡಿನಲ್ಲಿ ಸಾಲಾಗಿ ಬುಡಕ್ಕೆ ಇಳಿಯುವುದು ಕಾಣುತ್ತದೆ. ಪ್ರತಿ ರೇಡಿಯೋಲಿನ ಎರಡೂ ಪಕ್ಕ ಪಿನ್ಯೂಲ್ ಎಂಬ ಕಿರುಎಳೆಗಳು, ಅವುಗಳ ಮೇಲೆ ನೀರೆಳೆಯುವ ರೋಮಗಳು. ಕೆಸರು–ಲೋಳೆಯ ಕೊಳವೆ ಕಟ್ಟುವ ಸಬೆಲ್ಲಿಡ್ ಕುಟುಂಬದ ಹುಳುಗಳಲ್ಲಿ ಈ ತೋಡು ಕಣಗಳನ್ನು ಗಾತ್ರದ ಪ್ರಕಾರ ವಿಂಗಡಿಸುತ್ತದೆ. ಸಣ್ಣವು ಬಾಯಿಗೆ ಹೋಗುತ್ತವೆ, ದೊಡ್ಡವನ್ನು ಹೊರಗೆ ಎಸೆಯುತ್ತದೆ. ನಡುಗಾತ್ರದ ಮರಳು ಮಾತ್ರ ಬಾಯಿಯ ಕೆಳಗಿನ ಎರಡು ಚೀಲಗಳಲ್ಲಿ ಕೂಡಿ, ಲೋಳೆಯೊಂದಿಗೆ ಬೆರೆತು, ಹುರಿಯಾಗಿ ಕೊಳವೆಯ ಅಂಚಿಗೆ ಹೋಗುತ್ತದೆ. ತಿನ್ನುವ ಅಂಗವೂ ಉಸಿರಾಡುವ ಅಂಗವೂ ಮಣ್ಣು ಸೋಸುವ ಜರಡಿಯೂ ಒಂದೇ.

ಕಿರೀಟದ ರಕ್ತನಾಳಗಳನ್ನೂ ಜೀವಂತವಿರುವಾಗಲೇ ನೋಡಬೇಕು. ನಾಳಗಳ ತುದಿ ಮುಚ್ಚಿದೆ, ರಕ್ತ ಒಂದೇ ದಾರಿಯಲ್ಲಿ ಒಳಗೂ ಹೊರಗೂ ತೊನೆದಾಡುತ್ತದೆ. ತೆಳುವಾಗಿರುವಲ್ಲಿ ಅದು ಹಸಿರು. ಸಬೆಲ್ಲಿಡ್ ಮತ್ತು ಸುಣ್ಣದ ಕೊಳವೆ ಕಟ್ಟುವ ಸರ್ಪುಲಿಡ್‌ಗಳ ಕ್ಲೋರೋಕ್ರುವೊರಿನ್ ಎಂಬ ವರ್ಣದ್ರವ್ಯದ ಬಣ್ಣ ಅದು. ಫಾರ್ಮಲಿನ್‌ಗೆ ಹಾಕಿದ ಮೇಲೆ ಇದಾವುದೂ ಸಿಗದು.

ಮಂಪರು ಬರಿಸುವುದು

ಇದನ್ನು ಬಿಟ್ಟು ನೇರ ಕೊಳವೆ ಒಡೆಯುವವರೇ ಹೆಚ್ಚು, ತುಂಡುಗಳು ಬರುವುದೂ ಅದಕ್ಕೇ. ಮೆಗ್ನೀಸಿಯಂ ಕ್ಲೋರೈಡ್ ಹೆಕ್ಸಾಹೈಡ್ರೇಟ್ 73 ಗ್ರಾಂ ತೂಗಿ, ಡಿಸ್ಟಿಲ್ಡ್ ವಾಟರಿನಲ್ಲಿ ಕರಗಿಸಿ 1 ಲೀಟರ್ ಮಾಡಿ. ಈ ದ್ರಾವಣಕ್ಕೆ ಅಷ್ಟೇ ಸಮುದ್ರದ ನೀರು ಬೆರೆಸಿ. ಬಾಟಲಿಯ ಮೇಲೆ ‘ಅನ್‌ಹೈಡ್ರಸ್’ (ನೀರಿನಂಶವಿಲ್ಲದ್ದು) ಎಂದಿದ್ದರೆ 73 ಗ್ರಾಂ ಹಾಕಬೇಡಿ, ದ್ರಾವಣ ಎರಡು ಪಟ್ಟು ಗಡುಸಾಗುತ್ತದೆ. ಅದಕ್ಕೆ 34 ಗ್ರಾಂ ಸಾಕು. ಹುಳುವಿರುವ ಚಿಪ್ಪನ್ನು ಕಡಿಮೆ ನೀರಿನ ತಟ್ಟೆಯಲ್ಲಿಟ್ಟು, ಕಿರೀಟ ಅರಳಿದ ಮೇಲೆ ಅಂಚಿನಿಂದ ನಿಧಾನ ಸುರಿಯಿರಿ. 20 ನಿಮಿಷದಿಂದ ಒಂದು ತಾಸು ಹಿಡಿಯುತ್ತದೆ. ಸೂಜಿಯಿಂದ ಕಿರೀಟದ ತುದಿ ಮುಟ್ಟಿದರೂ ಎಳೆದುಕೊಳ್ಳದಿದ್ದರೆ ಹದ ಬಂತು. ಸುರಿದ ಕೂಡಲೇ ಹುಳು ಒಳಗೆ ಸೇರಿಕೊಂಡರೆ ಅವಸರ ಮಾಡಿದಿರಿ ಎಂದರ್ಥ.

ರಾಸಾಯನಿಕ ಸಿಗದಿದ್ದರೆ ಔಷಧ ಅಂಗಡಿಯ ಮೆಂಥಾಲ್ ಹರಳು ನಾಲ್ಕೈದು ಕಾಳು ನೀರಿನ ಮೇಲೆ ತೇಲಿಬಿಟ್ಟು ಮುಚ್ಚಿಡಬಹುದು. ಆದರೆ ಹೊತ್ತು ಹೆಚ್ಚು ಬೇಕು.

ಕೊಳವೆಯಿಂದ ಬಿಡಿಸುವುದು

ಕಿರೀಟ ಹಿಡಿದು ಎಳೆಯಬಾರದು. ಎಳೆದರೆ ಒಂದೋ ಕಿರೀಟ ಕಿತ್ತು ಬರುತ್ತದೆ, ಇಲ್ಲವೇ ಉದರ ಹರಿದು ಬಾಲ ಒಳಗೇ ಉಳಿಯುತ್ತದೆ. ಹುಳುವಿನ ಮೈಪಕ್ಕದಲ್ಲಿ ಅನ್ಸಿನಸ್ ಎಂಬ ಸೂಕ್ಷ್ಮ ಕೊಕ್ಕೆಗಳ ಸಾಲುಗಳಿವೆ, ಅವು ಗೋಡೆಯನ್ನು ಕಚ್ಚಿ ಹಿಡಿದಿರುತ್ತವೆ.

ಸುಣ್ಣದ ಕೊಳವೆಯಾದರೆ ಹಿಂತುದಿಯಿಂದ, ಎಂದರೆ ಸಪೂರ ಬದಿಯಿಂದ ಶುರು ಮಾಡಿ. ಸಣ್ಣ ಕಟಿಂಗ್ ಪ್ಲೇಯರಿನ ತುದಿಯಿಂದ ಗೋಡೆಯನ್ನು ಚಿವುಟುತ್ತಾ, ಒಂದೊಂದು ಮಿಲಿಮೀಟರ್ ಚಕ್ಕೆ ಎಬ್ಬಿಸುತ್ತಾ ಮುಂದೆ ಬನ್ನಿ. ಕೊಳವೆಯನ್ನು ಪೂರ್ತಿ ಸುತ್ತ ಹಿಡಿದು ಅಮುಕಿದರೆ ಒಳಗಿನ ಮೈಯೂ ಜಜ್ಜುತ್ತದೆ. ಒಂದು ಬದಿಯ ಗೋಡೆ ಹೋದರೆ ಸಾಕು, ಮೊಂಡ ಸೂಜಿಯಿಂದ ಹುಳುವನ್ನು ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ಸರಿಸಿ. ಆಮ್ಲದಲ್ಲಿ ಕೊಳವೆ ಕರಗಿಸುವ ಸುಲಭದ ದಾರಿ ಬೇಡ. ಸ್ಪೈರೋಬ್ರಾಂಕಸ್‌ನಂಥ ಸರ್ಪುಲಿಡ್ ಹುಳುಗಳು ಕೊಳವೆಯ ಬಾಯಿ ಮುಚ್ಚಿಕೊಳ್ಳುವ ಸುಣ್ಣದ ಮುಚ್ಚಳವೂ ಅದರಲ್ಲಿ ಕರಗಿಹೋಗುತ್ತದೆ, ಗುರುತಿಸುವ ಮುಖ್ಯ ಆಧಾರವೇ ಅದು. ಕೆಸರು–ಲೋಳೆಯ ಮೆತ್ತನೆ ಕೊಳವೆಯನ್ನು ಸಣ್ಣ ಕತ್ತರಿಯಿಂದ ಉದ್ದಕ್ಕೆ ಸೀಳಿದರಾಯಿತು.

ಹೈಡ್ರಾಯ್ಡಿಸ್ ಎಂಬ ಸರ್ಪುಲಿಡ್ ಹುಳುಗಳು ಹೊರಬಿದ್ದೊಡನೆ ವೀರ್ಯಾಣು ಇಲ್ಲವೇ ಅಂಡಾಣು ಬಿಡುವುದುಂಟು. ಗಂಡಿನದು ಹಾಲಿನಂಥ ಬಿಳಿ, ಹೆಣ್ಣಿನದು ಕಿತ್ತಳೆ ಛಾಯೆ. ಬೇರೆ ಬೇರೆ ವಾಚ್‌ಗ್ಲಾಸಿನಲ್ಲಿ ಹಿಡಿದಿಟ್ಟುಕೊಂಡರೆ ಭ್ರೂಣಶಾಸ್ತ್ರದ ಪ್ರಯೋಗಕ್ಕೂ ಆಯಿತು.

ತಲೆಯಿಂದ ಬಾಲಕ್ಕೆ

ಹುಳುವನ್ನು ಪೆಟ್ರಿ ಡಿಶ್‌ನಲ್ಲಿ, ಅದೇ ದ್ರಾವಣದಲ್ಲಿ ಮಗ್ಗುಲಾಗಿ ಮಲಗಿಸಿ. ಇಲ್ಲಿ ಸರ್ಪುಲಿಡ್ ಹುಳುವನ್ನೇ ಮಾದರಿಯಾಗಿಟ್ಟುಕೊಂಡಿದೆ.

ಕಿರೀಟ ಎಡ–ಬಲ ಎರಡು ಹಾಲೆಗಳಾಗಿದೆ. ರೇಡಿಯೋಲ್‌ಗಳನ್ನು ಬದಿಬದಿಗೆ ಎಣಿಸಿ, ಅವು ಅರ್ಧವೃತ್ತದಲ್ಲಿವೆಯೋ ಸುರುಳಿಯಾಗಿ ಏರಿವೆಯೋ ಬರೆದುಕೊಳ್ಳಿ. ಅವುಗಳಲ್ಲಿ ಒಂದು ದಪ್ಪನಾಗಿ, ತುದಿಯಲ್ಲಿ ಬಿರಡೆಯಾಗಿ ಮಾರ್ಪಟ್ಟಿದೆ. ಇದೇ ಆಪರ್ಕ್ಯುಲಮ್, ಕೊಳವೆಯ ಮುಚ್ಚಳ. ಹೈಡ್ರಾಯ್ಡಿಸ್, ಸರ್ಪುಲಾಗಳಲ್ಲಿ ಇನ್ನೊಂದು ಬದಿಗೆ ಬೆಳೆಯದ ಚಿಕ್ಕ ಮೊಗ್ಗಿರುತ್ತದೆ, ಅದು ಹುಸಿಮುಚ್ಚಳ. ದೊಡ್ಡದು ಕಳಚಿಹೋದರೆ ಇದು ಬೆಳೆದು ಅದರ ಜಾಗ ಹಿಡಿಯುತ್ತದೆ. ಹಾಗೆ ಅರ್ಧ ಬೆಳೆದ ಮುಚ್ಚಳ ನೋಡಿ ಬೇರೆ ಪ್ರಭೇದ ಎನ್ನುವುದು ತುಂಬಾ ಸಾಮಾನ್ಯ ತಪ್ಪು. ಒಂದೇ ಚಿಪ್ಪಿನ ನಾಲ್ಕೈದು ಹುಳು ನೋಡಿದ ಮೇಲೆಯೇ ಮುಚ್ಚಳದ ಬಗ್ಗೆ ಮಾತಾಡಿ.

ಕಿರೀಟದ ಬುಡದಲ್ಲಿ ಕಾಲರ್ ಎಂಬ ಮಡಿಕೆ. ಅದರ ಕೆಳಗೆ ಒಂದು ಜೊತೆ ಸುಣ್ಣದ ಗ್ರಂಥಿಗಳು. ಅಲ್ಲಿಂದ ಬರುವ ಸುಣ್ಣ–ಲೋಳೆಯ ಹದವನ್ನು ಹುಳು ಕಾಲರನ್ನು ಕೊಳವೆಯ ಅಂಚಿನ ಮೇಲೆ ಮಡಚಿ, ಗೌಂಡಿ ಥಾಪಿಯಲ್ಲಿ ಗಾರೆ ಬಳಿದಂತೆ ಬಳಿಯುತ್ತದೆ. ಕೊಳವೆಯ ಮೇಲಿನ ಅಡ್ಡ ಉಬ್ಬುಗಳು ಹಳೆಯ ಬಾಯಿಗಳ ಗುರುತು. ಖನಿಜ ಕ್ಯಾಲ್ಸೈಟ್ ಆಗಿರಬಹುದು, ಅರಗೊನೈಟ್ ಆಗಿರಬಹುದು, ಎರಡೂ ಇರಬಹುದು.

ನಂತರ ಎದೆಭಾಗ. ಬಿರುಗೂದಲಿರುವ ಖಂಡಗಳನ್ನು ಎಣಿಸಿ. ಸಾಮಾನ್ಯ ಸರ್ಪುಲಿಡ್‌ಗಳಲ್ಲಿ 7. ಮೊದಲನೆಯದರಲ್ಲಿ ಕಾಲರಿನ ಬಿರುಗೂದಲು ಮಾತ್ರ, ಕೊಕ್ಕೆ ಇಲ್ಲ. ಅದನ್ನು ಬಿಟ್ಟು ಎಣಿಸಿದರೆ 6 ಬರುತ್ತದೆ. ಸಬೆಲ್ಲಿಡ್‌ಗಳಲ್ಲಿ ಸಾಮಾನ್ಯವಾಗಿ 8. ಎದೆಯ ಎರಡೂ ಪಕ್ಕ ತೆಳು ಪೊರೆಯಿದ್ದರೆ ಸರ್ಪುಲಿಡ್. ಸಬೆಲ್ಲಿಡ್‌ಗೆ ಆ ಪೊರೆ ಇಲ್ಲ.

ಇನ್ನು ಎಲ್ಲರನ್ನೂ ಎಡವಿಸುವ ಜಾಗ. ಎದೆಯಲ್ಲಿ ಬೆನ್ನಿನ ಬದಿಗೆ ಕೂದಲಿನಂಥ ಬಿರುಗೂದಲು, ಹೊಟ್ಟೆಯ ಬದಿಗೆ ಕೊಕ್ಕೆ. ಉದರಕ್ಕೆ ಬಂದೊಡನೆ ಇದು ತಿರುವುಮುರುವು: ಕೊಕ್ಕೆ ಬೆನ್ನಿಗೆ, ಕೂದಲು ಹೊಟ್ಟೆಗೆ. ಹುಳು ತಿರುಚಿಕೊಂಡಿದೆ ಎಂದು ತಿಳಿದು ಚಿತ್ರದಲ್ಲಿ ‘ಸರಿಪಡಿಸುವ’ ವಿದ್ಯಾರ್ಥಿಗಳಿದ್ದಾರೆ. ತಿರುಚಿಲ್ಲ, ಇರುವುದೇ ಹಾಗೆ. ಈ ಅದಲುಬದಲು ಎಲ್ಲಿ ಆಗುತ್ತದೋ ಅಲ್ಲಿಗೆ ಎದೆ ಮುಗಿಯಿತು. ರೋಮಭರಿತ ಮಲದ ತೋಡೂ ಅಲ್ಲೇ ದಿಕ್ಕು ಬದಲಿಸುತ್ತದೆ. ಗುದದಿಂದ ಉದರದ ಹೊಟ್ಟೆಬದಿಯಲ್ಲಿ ಬಂದು, ಪಕ್ಕಕ್ಕೆ ಹಾಯ್ದು, ಎದೆಯ ಬೆನ್ನಿನ ಮೇಲೇರಿ ಕಾಲರಿನ ಹತ್ತಿರ ಮುಗಿಯುತ್ತದೆ. ಹಿಂಬಾಗಿಲಿಲ್ಲದ ಮನೆಯಲ್ಲಿ ಕಸ ಹೊರಹಾಕಲು ಬೇರೆ ದಾರಿಯಿಲ್ಲ. ಕೊನೆಯ ಚಿಕ್ಕ ಖಂಡಗಳು ಮತ್ತು ಬಾಲತುದಿಯವರೆಗೂ ಎಣಿಸಿ. ತುದಿ ಮೊಂಡಾಗಿ, ಒಮ್ಮೆಲೇ ಕಡಿದಂತಿದ್ದರೆ ಹುಳು ಪೂರ್ತಿಯಿಲ್ಲ ಎಂದು ಚೀಟಿಯಲ್ಲೇ ಬರೆಯಿರಿ.

ಬಿರುಗೂದಲಿನ ಸ್ಲೈಡ್

ಪ್ರಭೇದದ ಮಟ್ಟಕ್ಕೆ ಹೋಗಬೇಕಾದರೆ ಇದಿಲ್ಲದೆ ಆಗದು. ಒಂದೇ ಬದಿಯಿಂದ ಮೂರು ತುಣುಕು ಕತ್ತರಿಸಿ: ಕಾಲರ್ ಖಂಡ, ಎದೆಯ ನಡುವಿನ ಖಂಡ, ಉದರದ ನಡುವಿನ ಖಂಡ. ಇನ್ನೊಂದು ಬದಿ ಹಾಗೆಯೇ ಇರಲಿ. ತುಣುಕಿಗೆ ಗ್ಲಿಸರಿನ್ ಹನಿ ಹಾಕಿ, ಕವರ್‌ಸ್ಲಿಪ್ ಇಟ್ಟು, ರಬ್ಬರಿರುವ ಪೆನ್ಸಿಲ್ ತುದಿಯಿಂದ ಮೆಲ್ಲಗೆ ಒತ್ತಿದರೆ ಮಾಂಸ ಹರಡಿ ಬಿರುಗೂದಲು ಬಿಡಿಯಾಗುತ್ತದೆ. 400 ಪಟ್ಟಿನಲ್ಲಿ ಕಾಲರಿನ ಬಿರುಗೂದಲಿನ ಬುಡ ನೋಡಿ: ಹೈಡ್ರಾಯ್ಡಿಸ್‌ನಲ್ಲಿ ದಪ್ಪ ಹಲ್ಲುಗಳು, ಸ್ಪೈರೋಬ್ರಾಂಕಸ್‌ನಲ್ಲಿ ಸಣ್ಣ ಹಲ್ಲುಗಳ ಸಾಲು. ಕೊಕ್ಕೆಗಳು ಅಡ್ಡ ಬಿದ್ದರೆ ಮಾತ್ರ ಹಲ್ಲು ಎಣಿಸಲು ಬರುತ್ತದೆ. ನೇರ ನಿಂತಿದ್ದರೆ ಕವರ್‌ಸ್ಲಿಪ್ಪನ್ನು ಕೂದಲೆಳೆಯಷ್ಟು ಜರುಗಿಸಿ.

ಕುಟುಂಬ ಹೇಳುವುದು

ಕೊಳವೆ ನೋಡಿ ಊಹೆ ಮಾಡಬಹುದು, ತೀರ್ಮಾನ ಮಾತ್ರ ಹುಳು ನೋಡಿ.

ಮೊದಲ ಪ್ರಶ್ನೆ, ಇದು ಹುಳುವಿನ ಕೊಳವೆಯೇ? ವರ್ಮೆಟಿಡ್ ಎಂಬ ಬಸವನಹುಳುಗಳೂ ಬಂಡೆಗೆ ಅಂಟಿದ ಸುಣ್ಣದ ಕೊಳವೆ ಕಟ್ಟುತ್ತವೆ. ಅವುಗಳ ಒಳಮೈ ನುಣುಪಾಗಿ ಹೊಳೆಯುತ್ತದೆ, ಶುರುವಿನಲ್ಲಿ ಪುಟ್ಟ ಶಂಖದ ಸುರುಳಿ ಇರುತ್ತದೆ. ಹುಳುವಿನ ಕೊಳವೆಗೆ ಎರಡೂ ಇಲ್ಲ. ಖಾಲಿ ಕೊಳವೆಯಲ್ಲಿ ಬೇರೆ ಹುಳು ಬಾಡಿಗೆಗೆ ಬಂದು ಕೂತಿರುವುದೂ ಉಂಟು. ಒಳಗೆ ಸಿಕ್ಕಿದ್ದು ಕಣ್ಣು, ದವಡೆ ಇರುವ ಚುರುಕು ಹುಳುವಾದರೆ, ಸುಣ್ಣದ ಕೊಳವೆ ಅದರದ್ದಲ್ಲ.

ಕೊಳವೆ ಸುಣ್ಣದ್ದು, ರೇಡಿಯೋಲ್ ಕಿರೀಟ, ಎದೆಯ ಪೊರೆ ಇದ್ದರೆ ಸರ್ಪುಲಿಡೇ. 500ಕ್ಕೂ ಹೆಚ್ಚು ಪ್ರಭೇದಗಳ ಕುಟುಂಬ. ಅದರೊಳಗೆ ಮುಚ್ಚಳವೇ ದಿಕ್ಸೂಚಿ. ಲಾಳಿಕೆಯ ಮೇಲೆ ಮುಳ್ಳುಗಳ ಇನ್ನೊಂದು ಅಂತಸ್ತು ಇದ್ದರೆ ಹೈಡ್ರಾಯ್ಡಿಸ್, ಬರೀ ಲಾಳಿಕೆಯಾದರೆ ಸರ್ಪುಲಾ, ಸುಣ್ಣದ ತಟ್ಟೆ ಮತ್ತು ಕಾಂಡಕ್ಕೆ ರೆಕ್ಕೆ ಇದ್ದರೆ ಸ್ಪೈರೋಬ್ರಾಂಕಸ್, ಮುಚ್ಚಳವೇ ಇಲ್ಲದಿದ್ದರೆ ಪ್ರೊಟುಲಾ ಇರಬಹುದು. ಕೆಲವೇ ಮಿಲಿಮೀಟರಿನ ಸುರುಳಿ ಕೊಳವೆಗಳು ಸ್ಪೈರಾರ್ಬಿಸ್ ಬಳಗ. ಸುರುಳಿ ಎಡಕ್ಕೋ ಬಲಕ್ಕೋ ನೋಡಿ. ಎಚ್ಚರ: ಸಬೆಲ್ಲಿಡ್‌ಗಳಲ್ಲಿ ಗ್ಲೊಮೆರುಲಾ, ಸಿರಾಟುಲಿಡ್ ಎಂಬ ಇನ್ನೊಂದು ಕುಟುಂಬದಲ್ಲಿ ಡೊಡೆಕಸೇರಿಯಾ ಕೂಡ ಸುಣ್ಣದ ಕೊಳವೆ ಕಟ್ಟುತ್ತವೆ.

ಅದೇ ಕಿರೀಟವಿದ್ದು ಕೊಳವೆ ಕೆಸರು–ಲೋಳೆಯದಾದರೆ ಸಬೆಲ್ಲಿಡೇ. ಕಿರೀಟದ ಬದಲು ಬಾಯಿಯ ಸುತ್ತ ಉದ್ದನೆಯ ಜೋಲು ಎಳೆಗಳು, ಹಿಂದೆ ಸಾಮಾನ್ಯವಾಗಿ ಮೂರು ಜೊತೆ ಕೆಂಪು ಕಿವಿರುಗಳಿದ್ದರೆ ಟೆರೆಬೆಲ್ಲಿಡೇ. ಒಂದೇ ಮರಳುಕಾಳಿನಷ್ಟು ದಪ್ಪ ಗೋಡೆಯ ಶಂಕುವಿನೊಳಗೆ ತಲೆಕೆಳಗಾಗಿ ಬದುಕುವ, ತಲೆಯಲ್ಲಿ ಹೊಂಬಣ್ಣದ ದಪ್ಪ ಬಿರುಗೂದಲಿರುವವು ಪೆಕ್ಟಿನಾರಿಡೇ. ಮರಳನ್ನು ಪ್ರೋಟೀನಿನ ಅಂಟಿನಿಂದ ಜೋಡಿಸಿ, ನೂರಾರು ಕೊಳವೆ ಒತ್ತೊತ್ತಾಗಿ ಕಟ್ಟಿ, ಬಿರುಗೂದಲಿನದೇ ಮುಚ್ಚಳ ಮಾಡಿಕೊಳ್ಳುವವು ಸಬೆಲ್ಲರಿಡೇ. ಕಾಗದದಂಥ ಯು ಆಕಾರದ ಕೊಳವೆ, ಮೈ ಮೂರು ಬೇರೆಬೇರೆ ಭಾಗ, ನಡುವೆ ನೀರು ದಬ್ಬುವ ಮೂರು ಬೀಸಣಿಗೆ ಇದ್ದರೆ ಕೀಟಾಪ್ಟರಸ್. ಜೀವಂತ ಸಿಕ್ಕರೆ ಕತ್ತಲೆಯಲ್ಲಿ ಮುಟ್ಟಿ ನೋಡಿ, ಬೆಳಗುತ್ತದೆ. ಮರಳಿನಿಂದ ಎದ್ದು ನಿಂತ, ಚಿಪ್ಪಿನ ಚೂರು ಅಂಟಿಸಿಕೊಂಡ ಕೊಳವೆಯಲ್ಲಿ ದವಡೆಯಿರುವ ಹುಳು ಸಿಕ್ಕರೆ ಡಯೋಪಾಟ್ರಾ.

ಈ ಕೊನೆಯದೇ ಹಳೆಯ ವರ್ಗೀಕರಣಕ್ಕೆ ಸವಾಲು. ಅಲೆಮಾರಿಗಳು ಎರಾನ್ಷಿಯಾ, ಕೂತಲ್ಲೇ ಕೂರುವವು ಸೆಡೆಂಟೇರಿಯಾ ಎಂದು 19ನೇ ಶತಮಾನದಲ್ಲಿ ಭಾಗ ಮಾಡಿದ್ದರು. ನಡುವೆ ಈ ಹೆಸರುಗಳನ್ನು ಕೈಬಿಟ್ಟಿದ್ದರೂ, 2011ರಲ್ಲಿ ಜೀನ್‌ಗಳ ಆಧಾರದ ಮೇಲೆ ಸ್ಟ್ರಕ್ ಮತ್ತು ಸಂಗಡಿಗರು ಮತ್ತೆ ತಂದರು. ಆದರೆ ಈಗ ಅವು ವಂಶಾವಳಿಯ ಕೊಂಬೆಗಳು, ಬದುಕಿನ ರೀತಿಯಲ್ಲ. ಡಯೋಪಾಟ್ರಾ ಕೊಳವೆ ಕಟ್ಟಿದರೂ ಎರಾನ್ಷಿಯಾ. ಕೀಟಾಪ್ಟರಸ್ ಮತ್ತು ಓವೇನಿಯಾ ಎಂಬ ಇನ್ನೊಂದು ಕೊಳವೆಹುಳು ಎರಡರಿಂದಲೂ ಹೊರಗೆ, ಬುಡಕ್ಕೆ ಹತ್ತಿರ. ಧಾರವಾಡದ ಹೊಲದ ಎರೆಹುಳು, ಜಿಗಣೆಗಳು ಸೆಡೆಂಟೇರಿಯಾದೊಳಗೆ. ಅಂದರೆ ಸರ್ಪುಲಾಗೆ ಪಠ್ಯದಲ್ಲಿ ಬರುವ ಅಲೆಮಾರಿ ಹುಳು ನೆರಿಯಿಸ್‌ಗಿಂತ ನಮ್ಮ ಎರೆಹುಳುವೇ ಹತ್ತಿರದ ನೆಂಟ. ಕೊಳವೆ ಕಟ್ಟುವ ಚಾಳಿ ಒಂದಕ್ಕಿಂತ ಹೆಚ್ಚು ಸಲ ಹುಟ್ಟಿದೆ, ಆದ್ದರಿಂದಲೇ ಕೊಳವೆ ನಂಬಲರ್ಹ ಸಾಕ್ಷಿಯಲ್ಲ.

ಪ್ರಭೇದದ ಹೆಸರು ಬರೆಯುವಾಗ ಕೈ ಬಿಗಿಹಿಡಿಯಿರಿ. ಭಾರತದ ಹಳೆಯ ಪಟ್ಟಿಗಳಲ್ಲಿ ಯುರೋಪಿನ ಹೆಸರುಗಳು ಧಾರಾಳವಾಗಿವೆ. ಬೆಚ್ಚನೆ ಬಂದರುಗಳಿಂದ ಹೈಡ್ರಾಯ್ಡಿಸ್ ನಾರ್ವೆಜಿಕಾ ಎಂದು ವರದಿಯಾದ ಹೆಚ್ಚಿನವು ಹೈಡ್ರಾಯ್ಡಿಸ್ ಎಲೆಗನ್ಸ್. ಪೊಮಟೋಲಿಯೋಸ್ ಕ್ರಾಸಿ ಎಂಬುದು ಈಗ ಸ್ಪೈರೋಬ್ರಾಂಕಸ್ ಜಾತಿಗೆ (ಜೀನಸ್) ಸೇರಿದೆ, ನಿಜವಾದ ಕ್ರಾಸಿ ದಕ್ಷಿಣ ಆಫ್ರಿಕಾದ್ದು. ಸ್ಪೈರೋಬ್ರಾಂಕಸ್ ಜೈಜಾಂಟಿಯಸ್ ಕೆರಿಬಿಯನ್ನಿನದು. ಖಾತ್ರಿಯಿಲ್ಲದಿದ್ದರೆ ಜಾತಿಯ ಹೆಸರಿಗೇ ನಿಲ್ಲಿಸಿ.

ಕಾಪಿಡುವುದು

ಮಂಪರಿನಲ್ಲಿರುವ, ಕಿರೀಟ ಅರಳಿದ ಹುಳುವನ್ನೇ ಫಿಕ್ಸ್ ಮಾಡಿ. ಅಂಗಡಿಯ ಫಾರ್ಮಲಿನ್ 1 ಪಾಲು, ಸಮುದ್ರದ ನೀರು 9 ಪಾಲು, ಲೀಟರಿಗೆ ಒಂದು ಚಮಚ ಬೋರಾಕ್ಸ್. ಬೋರಾಕ್ಸ್ ಬಿಟ್ಟರೆ ಫಾರ್ಮಲಿನ್ನಿನ ಹುಳಿ ಸುಣ್ಣದ ಮುಚ್ಚಳ, ಕೊಳವೆಗಳನ್ನು ತಿನ್ನುತ್ತದೆ. 24ರಿಂದ 48 ತಾಸು ಬಿಟ್ಟು, ನೀರಿನಲ್ಲಿ ತೊಳೆದು 70% ಎಥನಾಲಿಗೆ ಹಾಕಿ. ಡಿಎನ್ಎ ಬೇಕಿದ್ದರೆ ಒಂದೆರಡು ಹುಳುವನ್ನು ಫಾರ್ಮಲಿನ್ ತೋರಿಸದೆ ನೇರ 95% ಎಥನಾಲಿಗೆ. ಫಾರ್ಮಲಿನ್ ಕ್ಯಾನ್ಸರ್‌ಕಾರಕ, ಕೈಗವಸು ಹಾಕಿ, ಕಿಟಕಿ ತೆರೆದು ಕೆಲಸ ಮಾಡಿ.

ಚೀಟಿ ಜಾಡಿಯ ಒಳಗಿರಲಿ, ಪೆನ್ಸಿಲಿನಲ್ಲಿ ಬರೆದಿರಲಿ. ಬಾಲ್‌ಪೆನ್ನಿನ ಶಾಯಿ ಎಥನಾಲಿನಲ್ಲಿ ಬಿಡುತ್ತದೆ. ಊರು, ದಿನಾಂಕ, ಇಳಿತದ ಮಟ್ಟ, ಅಂಟಿಕೊಂಡಿದ್ದ ವಸ್ತು, ಜೀವಂತವಿದ್ದಾಗಿನ ಬಣ್ಣ ಬರೆಯಿರಿ. ಕೊಳವೆಯ ಚೂರುಗಳನ್ನು ಒಣಗಿಸಿ, ಅದೇ ನಂಬರ್ ಹಾಕಿ, ಬೇರೆ ಡಬ್ಬಿಯಲ್ಲಿಡಿ. ಪ್ರತಿ ಬೇಸಿಗೆಯಲ್ಲೂ ಜಾಡಿಗಳ ಮಟ್ಟ ನೋಡಬೇಕು. ಮುಚ್ಚಳ ಸಡಿಲವಿದ್ದರೆ ನೀರಿಗಿಂತ ಮೊದಲು ಆರುವುದು ಎಥನಾಲ್, ಉಳಿದದ್ದು ಬರೀ ನೀರಾಗಿ ಹುಳು ಕೊಳೆಯುತ್ತದೆ. ಮಟ್ಟ ಕಾಲುಭಾಗಕ್ಕಿಂತ ಹೆಚ್ಚು ಇಳಿದಿದ್ದರೆ ಮೇಲೆ ತುಂಬಿಸುವ ಬದಲು ಹಳೆಯದನ್ನು ಚೆಲ್ಲಿ, ಹೊಸ 70% ಎಥನಾಲ್ ಹಾಕಿ, ಮುಚ್ಚಳದ ವಾಷರ್ ಬದಲಿಸಿ.